ಕಲ್ಲುಪಟ್ಟಿಯ ತೊಗರಿ

ಜೂನ್ 14

ಕೃಷಿ ಇಲಾಖೆಯ ಆಫೀಸಿನ ದಿನಚರಿಯಲ್ಲಿ ಎಷ್ಟು ಗಂಟೆಗೆ ಹೊರಟೆ, ಯಾವ ಊರಿಗೆ ಹೋದೆ, ಸ್ಕೂಟರ್ ಎಷ್ಟು ಕಿಲೋಮೀಟರ್ ಓಡಿತು ಎಂದು ಬರೆಯಬೇಕು. ಅದನ್ನು ಸಾಹೇಬರು ಓದಿ ಸಹಿ ಹಾಕುತ್ತಾರೆ. ಈ ನೋಟ್‌ಬುಕ್ಕಿಗೆ ಸಹಿ ಹಾಕುವವರು ಯಾರೂ ಇಲ್ಲ. ಆದ್ದರಿಂದ ಮೊದಲ ಪುಟದಲ್ಲೇ ಬರೆದುಬಿಡುತ್ತೇನೆ: ಈ ವರ್ಷ ಗೆಲ್ಲುವುದು ನಾನೇ.

ಹೋದ ವರ್ಷ ಬೀಜ ಮೂರು ವಾರ ತಡವಾಗಿ ಬಂತು, ಮಳೆ ಕಾಯಲಿಲ್ಲ, ರೈತರ ಹೊಲದಲ್ಲಿ ಬೆಳೆದು ತೋರಿಸಬೇಕಿದ್ದ ನನ್ನ ಪ್ರಾತ್ಯಕ್ಷಿಕೆ ನೆಲ ಕಚ್ಚಿತು. ಒಣಗಿದ ಪೈರಿನ ಮುಂದೆ ‘ಸುಧಾರಿತ ತಳಿ’ ಎಂಬ ಹಳದಿ ಬೋರ್ಡು ಮಾತ್ರ ಠೀವಿಯಿಂದ ನಿಂತಿತ್ತು. ಅಂದಿನಿಂದ ನನಗೆ ಬೋರ್ಡಮ್ಮ ಎಂದು ಹೆಸರು. ಬೆನ್ನ ಹಿಂದೆ ಕರೆಯುತ್ತಾರೆ. ನನ್ನ ಕಿವಿ ಎಷ್ಟು ಚುರುಕೆಂದು ಪಾಪ, ಅವರಿಗೆ ಗೊತ್ತಿಲ್ಲ.

ಈ ಸಲ ಬೀಜ ಈಗಲೇ ಕೈಯಲ್ಲಿದೆ. ನೂರಹದಿನಾಲ್ಕನೇ ನಂಬರಿನ ತೊಗರಿ. ಬಿಳಿ ಕಾಳು, ಹದಿನೈದು ದಿನ ಮುಂಚೆ ಹೂ, ಮುಖ್ಯವಾಗಿ ಸೊರಗು ರೋಗಕ್ಕೆ ಬಗ್ಗುವುದಿಲ್ಲ. ನೆಲದೊಳಗಿಂದ ಬರುವ ಆ ರೋಗ ಗಿಡವನ್ನು ನಿಂತ ನಿಲುವಿನಲ್ಲೇ ಒಣಗಿಸುತ್ತದೆ, ಔಷಧಿ ಹೊಡೆದರೂ ಕೇಳುವುದಿಲ್ಲ. ಹೊಲವೂ ಸಿಕ್ಕಿದೆ, ದೊಡ್ಡಕ್ಕನದು. ಊರಿಗೆಲ್ಲ ಅವರು ದೊಡ್ಡಕ್ಕ. ಗಂಡ ಲಾರಿ ಓಡಿಸುತ್ತಾರೆ, ತಿಂಗಳಿಗೊಂದು ಸಲ ಮನೆಗೆ ಬರುತ್ತಾರೆ. ಬೇಸಾಯವೆಲ್ಲ ಇವರದು ಮತ್ತು ಇವರ ಮೈದುನನದು. ಮೂರು ವರ್ಷದಿಂದ ಇವರ ತೊಗರಿ ಸೊರಗುತ್ತಿದೆ.

“ಇದೊಂದು ವರ್ಷ ನೋಡ್ತೀನಿ ಮೇಡಂ,” ಎಂದರು. “ಇದೂ ಸೊರಗಿದ್ರೆ ಹಳ್ಳದ ಕಡೆ ಮಣ್ಣನ್ನ ಇಟ್ಟಿಗೆಯವನಿಗೆ ಕೊಟ್ಬಿಡೋದೇ. ನಮ್ಮೊಂದೇ ಅಲ್ಲ, ಸಾಲಾಗಿ ಎಂಟು ಹೊಲ ಕೇಳಿದಾನೆ. ಮಿಕ್ಕ ಏಳು ಜನಾನೂ ನನ್ನ ಹೊಲ ನೋಡ್ಕೊಂಡು ಕೂತಿದಾರೆ.”

ಇಟ್ಟಿಗೆ ಗೂಡಿನವನು ಮೊಣಕಾಲುದ್ದ ಮೇಲ್ಮಣ್ಣು ಎತ್ತಿಕೊಂಡು ಹೋದರೆ ಆಮೇಲೆ ಅಲ್ಲಿ ಹುಲ್ಲೂ ನೆಟ್ಟಗೆ ಹುಟ್ಟುವುದಿಲ್ಲ. ಅಳತೆಗೆಂದು ಅವನು ಮೂಲೆಯಲ್ಲಿ ಹೊಡೆದು ಹೋದ ಸುಣ್ಣ ಬಳಿದ ಗೂಟಗಳನ್ನು ನೋಡಿಯೇ ನನ್ನ ಮೈಯೆಲ್ಲ ಉರಿಯಿತು.

“ಸೊರಗೋ ಮಾತೇ ಇಲ್ಲ ದೊಡ್ಡಕ್ಕ. ನಾನಿದೀನಿ,” ಎಂದೆ.

ನಕ್ಷೆ ಬರೆದುಕೊಟ್ಟು ಬಂದಿದ್ದೇನೆ. ಹೊಲದಲ್ಲಿ ಎರಡು ಪಟ್ಟಿ. ಹಳ್ಳದ ಪಕ್ಕದ್ದು ಕಪ್ಪು ಮಣ್ಣು, ಅಲ್ಲಿ ಹೊಸ ಬೀಜ. ದಾರಿ ಪಕ್ಕದ್ದು ಕಲ್ಲುಪಟ್ಟಿ, ಅಲ್ಲಿ ಅವರ ಹಳೇ ಕೆಂಪು ತೊಗರಿ. ಒಂದೇ ದಿನ ಬಿತ್ತನೆ, ಒಂದೇ ಗೊಬ್ಬರ. ಬಂದವರು ನಡುವೆ ನಿಂತು ಎರಡೂ ಕಡೆ ನೋಡಬೇಕು. ಹೊಸದು ಮೆರೆಯಬೇಕಾದರೆ ಒಳ್ಳೆಯ ಜಾಗದಲ್ಲಿ ಕೂರಿಸಬೇಕು, ಅಷ್ಟು ಬುದ್ಧಿ ನನಗಿದೆ.

ಜೂನ್ 20

ನಿನ್ನೆ ತರಬೇತಿ ಕೇಂದ್ರದಲ್ಲಿ ‘ಸಕಾಲಿಕ ಬಿತ್ತನೆಯ ಮಹತ್ವ’ ಎಂಬ ವಿಷಯದ ಮೇಲೆ ನನ್ನ ಭಾಷಣ. ಜೋರು ಚಪ್ಪಾಳೆ. ನಾನು ಅಲ್ಲಿ ಮಹತ್ವ ಹೇಳುತ್ತಿದ್ದ ಹೊತ್ತಿಗೆ ಇಲ್ಲಿ ಮಳೆಯಾಗಿ ನೆಲಕ್ಕೆ ಹದ ಬಂದು ದೊಡ್ಡಕ್ಕ ಬಿತ್ತಿಯೇ ಮುಗಿಸಿದ್ದರು.

ಇವತ್ತು ಓಡಿದೆ. ದೊಡ್ಡಕ್ಕ ಸಂತೆಗೆ ಹೋಗಿದ್ದರು. ಮೈದುನ ಬಿತ್ತುವ ಕೂರಿಗೆ ತೊಳೆಯುತ್ತಿದ್ದ.

“ಎಲ್ಲ ಸರಿಯಾಗಿ ಆಯ್ತು ತಾನೇ?”

“ಆಯ್ತು ಮೇಡಂ. ಎರಡೂ ಪಟ್ಟಿ ಅತ್ತಿಗೆನೇ ನಿಂತು ಬಿತ್ತಿಸಿದ್ರು.”

ಅಷ್ಟು ಸಾಕು. ನಕ್ಷೆಯ ಪ್ರಕಾರ ಬೋರ್ಡು ನೆಟ್ಟೆ. ಹಳ್ಳದ ಪಟ್ಟಿಗೆ ‘ಸುಧಾರಿತ ತಳಿ’, ಕಲ್ಲುಪಟ್ಟಿಗೆ ‘ಸ್ಥಳೀಯ ತಳಿ’. ಕಲ್ಲುಪಟ್ಟಿಯಲ್ಲಿ ಗುಂಡಿ ತೋಡುವಷ್ಟರಲ್ಲಿ ಅಂಗೈ ಬೊಬ್ಬೆ ಎದ್ದಿತು. ಇಂಥ ನೆಲದಲ್ಲಿ ಹಳೆಯದು ಬದುಕಿದರೆ ಹೆಚ್ಚು.

ಜುಲೈ 9

ಅಯ್ಯೋ, ಏನು ಪೈರು! ಹಳ್ಳದ ಪಟ್ಟಿ ತುಂಬಾ ಕಡು ಹಸಿರು. ಕಲ್ಲುಪಟ್ಟಿಯದು ಪೇಲವವಾಗಿ, ಕರೆಯದೆ ಬಂದ ನೆಂಟರ ಹಾಗೆ ಅಂಚಿನಲ್ಲಿ ನಿಂತಿದೆ.

“ನೋಡಿ ದೊಡ್ಡಕ್ಕ, ತಳಿ ಅಂದ್ರೆ ಇದು. ಎಲೆ ಬಣ್ಣದಲ್ಲೇ ಗೊತ್ತಾಗುತ್ತೆ,” ಎಂದೆ.

ದೊಡ್ಡಕ್ಕ ಬೋರ್ಡನ್ನು ನೋಡಿದರು, ನನ್ನನ್ನು ನೋಡಿದರು. “ನೀವು ಹೇಗೆ ಹೇಳ್ತೀರೋ ಹಾಗೆ ಮೇಡಂ,” ಎಂದು ಟೀ ತರಲು ಎದ್ದು ಹೋದರು. ಸಂಕೋಚದ ಹೆಂಗಸು. ಮುಂದೆ ಬಾಯ್ತುಂಬ ಹೊಗಳುತ್ತಾರೆ, ಅವಸರವಿಲ್ಲ.

ಆಗಸ್ಟ್ 13

ಕುಡಿ ಚಿವುಟುವ ಕೆಲಸ ತೋರಿಸಿಕೊಟ್ಟೆ. ಈಗ ತುದಿ ಚಿವುಟಿದರೆ ಪಕ್ಕದ ಕವಲು ಹೆಚ್ಚಿ ಕಾಯಿ ಹೆಚ್ಚುತ್ತದೆ. ಹಳ್ಳದ ಸಾಲಿನ ಏಳೂ ಜನ ಹೊಲದವರನ್ನು ಕರೆಸಿದ್ದೆ. ಹಾಲಿನ ಡೈರಿಯ ಸೆಕ್ರೆಟರಿ ಅವರಲ್ಲಿ ಮುಖ್ಯ. ಅವನ ಗಂಟಲಿಗೆ ಮೈಕು ಬೇಡ. ಬೋರ್ಡನ್ನು ಗಟ್ಟಿಯಾಗಿ ಓದಿ, ಗಿಡ ಮುಟ್ಟಿ ನೋಡಿ, “ಇದು ಹೀಗೇ ನಿಂತ್ರೆ ಇಟ್ಟಿಗೆಯವನಿಗೆ ಟಾಟಾ,” ಎಂದ. ಎಲ್ಲರೂ ನಕ್ಕರು.

ದೊಡ್ಡಕ್ಕ ಮಾತ್ರ ಕಲ್ಲುಪಟ್ಟಿಯಲ್ಲಿ ಒಂದೊಂದೇ ಗಿಡದ ಕುಡಿಯನ್ನು ಮಗುವಿನ ಉಗುರು ಕತ್ತರಿಸುವವರ ಹಾಗೆ ಚಿವುಟುತ್ತಿದ್ದರು.

“ಅದಕ್ಕ್ಯಾಕಕ್ಕ ಅಷ್ಟು ಉಪಚಾರ?”

“ಇರ್ಲಿ ಬಿಡಿ ಮೇಡಂ. ಅದಕ್ಕೂ ಜೀವ ಇದೆ,” ಎಂದರು.

ಹಳೆಯದರ ಮೇಲಿನ ಮಮತೆ. ರೈತರ ಮನಸ್ಸು ಬದಲಾಗಲು ಸಮಯ ಬೇಕು ಎಂದು ನಮ್ಮ ಕೈಪಿಡಿಯಲ್ಲೂ ಇದೆ.

ಸೆಪ್ಟೆಂಬರ್ 24

ಕಲ್ಲುಪಟ್ಟಿ ಹೂ ಬಿಟ್ಟಿದೆ. ನನ್ನದು ಇನ್ನೂ ಇಲ್ಲ. ಹದಿನೈದು ದಿನ ಮುಂಚೆ ಹೂ ಬಿಡಬೇಕಾದದ್ದು ನನ್ನದು! ಗಿಡದಿಂದ ಗಿಡಕ್ಕೆ ಓಡಾಡಿ ಮೊಗ್ಗು ಹುಡುಕಿದೆ. ಆಮೇಲೆ ಯೋಚಿಸಿದೆ: ಬಡ ನೆಲದಲ್ಲಿ ಗಿಡ ಕಂಗಾಲಾಗಿ ಬೇಗ ಹೂ ಬಿಡುತ್ತದೆ. ಫಲವತ್ತಾದ ನೆಲದಲ್ಲಿ ನಿಧಾನ. ಸರಳ ವಿಜ್ಞಾನ. ದೊಡ್ಡಕ್ಕನಿಗೂ ಹಾಗೇ ವಿವರಿಸಿದೆ, ತಲೆ ಆಡಿಸಿದರು.

ಅಕ್ಟೋಬರ್ 9

ಹಳ್ಳದ ಪಟ್ಟಿಯಲ್ಲಿ ಹನ್ನೊಂದು ಗಿಡ ಬಾಡಿವೆ. ನೀರು ನಿಂತು ಹಾಗಾಗಿರಬೇಕು.

ಅಕ್ಟೋಬರ್ 11

ನೀರಲ್ಲ. ಒಂದು ಗಿಡ ಕಿತ್ತು ಕಾಂಡ ಸೀಳಿದೆ. ಒಳಗೆ ಉದ್ದಕ್ಕೂ ಕಪ್ಪು ಗೆರೆ. ಸೊರಗು.

ಇವತ್ತು ನಲವತ್ತು ಗಿಡ.

ಅಕ್ಟೋಬರ್ 12

ಸಂಶೋಧನಾ ಕೇಂದ್ರಕ್ಕೆ ಕಾಗದ ಬರೆದೆ. ‘ತಾವು ಕಳುಹಿಸಿದ ಬೀಜ ಕಲಬೆರಕೆ’ ಎಂದು ಶುರು ಮಾಡಿ ಎರಡು ಪುಟ. ಇಷ್ಟು ಚೆನ್ನಾಗಿ ನಾನು ಯಾವತ್ತೂ ಬೈದಿರಲಿಲ್ಲ.

ನಮ್ಮನೆಯವರು ಬಸ್ ಡಿಪೋದಿಂದ ಬಂದು ಕೈಯ ಗ್ರೀಸ್ ತೊಳೆಯುತ್ತಾ ಎಲ್ಲ ಕೇಳಿಸಿಕೊಂಡರು. “ಸೊರಗಬಾರದ್ದು ಸೊರಗಿದೆ, ಸೊರಗಬೇಕಾದ್ದು ಹೂ ಬಿಟ್ಟಿದೆ. ಬೋರ್ಡ್ ಅದಲುಬದಲಾಗಿ ನೆಟ್ಟಿದೀಯೇನೋ ಕಣೆ,” ಎಂದರು.

ಬೋರ್ಡು ನೆಟ್ಟವಳು ನಾನು, ಗುಂಡಿ ತೋಡಿದವಳು ನಾನು. ಬಸ್ಸಿನ ಗೇರು ನೋಡುವವರು ಬಸ್ಸಿನ ಗೇರು ನೋಡಲಿ ಎಂದೆ.

ಅಕ್ಟೋಬರ್ 17

ಎಲ್ಲವನ್ನೂ ಬರೆಯಬೇಕು. ಬರೆಯದಿದ್ದರೆ ನಾಳೆ ನಾನೇ ಬೇರೆ ಕಥೆ ಕಟ್ಟಿಕೊಂಡೇನು.

ಬೆಳಗ್ಗೆ ಸಂಶೋಧನಾ ಕೇಂದ್ರದಿಂದ ತಳಿ ತಜ್ಞರ ಫೋನು. ನನ್ನ ಎರಡು ಪುಟದ ಬೈಗುಳಕ್ಕೆ ಸಿಟ್ಟಾಗದೆ ಒಂದೇ ಪ್ರಶ್ನೆ ಕೇಳಿದರು: “ಹೂವಿನ ಬೆನ್ನ ಮೇಲೆ ಕೆಂಪು ಗೀರು ಇದೆಯಾ ಮೇಡಂ? ನೂರಹದಿನಾಲ್ಕಕ್ಕೆ ಇದ್ದೇ ಇರುತ್ತೆ.”

ಸ್ಕೂಟರ್ ಹತ್ತಿದೆ. ಹಳ್ಳದ ಪಟ್ಟಿಯಲ್ಲಿ ಆಗಷ್ಟೇ ಅರಳಿದ್ದ ನಾಲ್ಕಾರು ಹೂ ಕಿತ್ತು ನೋಡಿದೆ, ಬರೀ ಹಳದಿ. ಕಾಲು ತಾನಾಗಿ ಕಲ್ಲುಪಟ್ಟಿಗೆ ನಡೆಯಿತು. ಅಲ್ಲಿ ಹೂ ಉದುರಿ ಕಾಯಿ ಕಟ್ಟುತ್ತಿತ್ತು. ತುದಿಯಲ್ಲಿ ಉಳಿದಿದ್ದ ಒಂದು ಹೂ ತಿರುಗಿಸಿದೆ. ಕೆಂಪು ಗೀರು. ಇನ್ನೊಂದು. ಕೆಂಪು ಗೀರು. ಪಟ್ಟಿಯ ಈ ತುದಿಯಿಂದ ಆ ತುದಿವರೆಗೆ ಒಂದು ಗಿಡವೂ ಬಾಡಿರಲಿಲ್ಲ.

ಬದುವಿನ ಮೇಲೆ ಕೂತೆ. ನಾಲ್ಕು ತಿಂಗಳು ನಾನು ಏಳು ಜನರ ಮುಂದೆ, ಸಾಹೇಬರ ಮುಂದೆ, ಕ್ಯಾಮೆರಾದ ಮುಂದೆ ಹೊಗಳಿದ್ದು ದೊಡ್ಡಕ್ಕನ ಹಳೇ ತೊಗರಿಯನ್ನು. ಎಲೆ ಬಣ್ಣದಲ್ಲೇ ಗೊತ್ತಾಗುತ್ತದಂತೆ! ನೆಲ ಬಾಯಿ ಬಿಟ್ಟಿದ್ದರೆ ಖುಷಿಯಿಂದ ಇಳಿದು ಹೋಗುತ್ತಿದ್ದೆ.

ದೊಡ್ಡಕ್ಕ ಟೀ ಹಿಡಿದು ಬಂದರು.

“ಅಕ್ಕ, ನೂರಹದಿನಾಲ್ಕನ್ನ ಎಲ್ಲಿ ಬಿತ್ತಿದ್ರಿ?”

“ಕಲ್ಲುಪಟ್ಟೀಲಿ.”

“ನಾನು ಬರ್ಕೊಟ್ಟಿದ್ದು ಹಳ್ಳದ ಪಟ್ಟಿ ಅಂತ ಅಲ್ವಾ?”

“ಬರ್ಕೊಟ್ಟಿದ್ರಿ. ಆದ್ರೆ ಹೋದ್ವರ್ಷ ಕಲ್ಲುಪಟ್ಟೀಲಿ ಒಂದು ಗಿಡಾನೂ ಉಳೀಲಿಲ್ಲ. ಸೊರಗಲ್ಲ ಅಂದ್ರಲ್ಲ ನೀವು? ರೋಗ ಎಲ್ಲಿ ಜಾಸ್ತೀನೋ ಅಲ್ಲಿ ಹಾಕಿದ್ರೆ ತಾನೇ ಗೊತ್ತಾಗೋದು? ಒಳ್ಳೇ ನೆಲದಲ್ಲಿ ಮೊದಮೊದಲು ಯಾವ್ದಾದ್ರೂ ಚೆನ್ನಾಗೇ ಕಾಣುತ್ತೆ.”

ನಾನು ಬೋರ್ಡಿನ ಕಡೆ ಕೈ ತೋರಿಸಿದೆ.

“ಮತ್ತೆ ಬೋರ್ಡು? ತಪ್ಪು ಕಡೆ ನಿಂತಿದೆ ಅಂತ ಒಂದು ಮಾತು ಹೇಳ್ಬಾರ್ದಿತ್ತಾ?”

ದೊಡ್ಡಕ್ಕ ಟೀ ಲೋಟದ ಅಂಚು ಒರೆಸಿದರು. “ತಪ್ಪಾಗಿ ನಿಂತಿದೆ ಅಂತ ನಂಗೇನು ಗೊತ್ತು ಮೇಡಂ? ಬೇಕಂತಲೇ ನೆಟ್ಟಿದೀರಿ ಅಂದ್ಕೊಂಡೆ. ಆಫೀಸಿನವರು ಚೆನ್ನಾಗಿ ಕಾಣೋ ಪೈರಿನ ಮುಂದೆ ಬೋರ್ಡ್ ಇಟ್ಟು ಫೋಟೋ ತೆಗೀತಾರೆ. ನಿಮ್ಗಿಂತ ಮುಂಚೆ ಇದ್ದವರು ಜೋಳದಲ್ಲಿ ಹಾಗೇ ಮಾಡಿದ್ರು. ನಿಮ್ಗೂ ಮೇಲಿನವರ ಕಾಟ ಇರುತ್ತೆ, ಹೊಟ್ಟೆಪಾಡು. ಮುಖದ ಮೇಲೆ ಹೇಳಿ ಯಾಕೆ ನೋಯಿಸ್ಲಿ ಅಂತ ಸುಮ್ನಾದೆ.”

ನಾನು ದಡ್ಡಿ ಅನ್ನಿಸಿಕೊಂಡಿದ್ದರೆ ಸಹಿಸುತ್ತಿದ್ದೆ. ನಾಲ್ಕು ತಿಂಗಳು ಈ ಹೆಂಗಸು ನನ್ನನ್ನು ಸುಳ್ಳುಬುರುಕಿ ಎಂದುಕೊಂಡು, ಹಾಗೆಂದುಕೊಂಡೇ, ಹೋದಾಗಲೆಲ್ಲ ಬಿಸಿ ಟೀ ಕೊಟ್ಟಿದ್ದಾರೆ. ಅಳು ಬಂತು. ಅತ್ತೆ.

“ಅಳ್ಬೇಡಿ. ಪೈರು ನಿಂತಿದ್ಯಲ್ಲ. ನಾನಂತೂ ಮಣ್ಣು ಕೊಡಲ್ಲ,” ಎಂದರು. ಆಮೇಲೆ ಹಳ್ಳದುದ್ದಕ್ಕೂ ಕಣ್ಣು ಹಾಯಿಸಿ, “ಆದ್ರೆ ಮಿಕ್ಕವರು ನಿಮ್ಮ ಬೋರ್ಡ್ ಓದ್ತಿದಾರೆ. ಹೊಸದೂ ಸೊರಗ್ತು ಅಂತ ಮೂರು ಜನ ಇಟ್ಟಿಗೆಯವನಿಗೆ ಮಾತು ಕೊಟ್ಟಾಗಿದೆ. ನನ್ನ ಹೊಲದ ಎರಡೂ ಕಡೆ ಅವನು ಅಗೆದ್ರೆ ಮೊದಲ ಮಳೆಗೇ ನನ್ನ ಬದು ಕುಸಿಯುತ್ತೆ,” ಎಂದರು.

ನವೆಂಬರ್ 3

ಸಾಹೇಬರಿಗೆ ಹೇಳಿದೆ. ಒಂದು ನಿಮಿಷ ಬೈದರು, ಎರಡನೇ ನಿಮಿಷಕ್ಕೆ ಮುಖ ಅರಳಿತು. “ಅಷ್ಟೇ ತಾನೇ? ಕ್ಷೇತ್ರೋತ್ಸವದ ದಿನ ಜನ ಬೆಳೆ ನೋಡೋಕೆ ಬರೋ ಮುಂಚೆ ಬೋರ್ಡ್ ಬದಲಾಯಿಸಿಬಿಡಿ. ಐದು ನಿಮಿಷದ ಕೆಲಸ.”

ನನಗೂ ಸರಿ ಅನ್ನಿಸಿತು. ತಪ್ಪನ್ನು ತಿದ್ದಿದರೆ ಯಾರೇನು ಅಂದಾರು? ಕಾಯಿ ಬಲಿಯುವವರೆಗೆ ಸುಮ್ಮನಿದ್ದು, ಆ ದಿನ ಬದಲಾಯಿಸಿದರಾಯಿತು.

ನವೆಂಬರ್ 24

ನಾಳೆ ಕ್ಷೇತ್ರೋತ್ಸವ. ಬೆಳಗ್ಗೆ ಗುದ್ದಲಿ ಹಿಡಿದು ಹೊಲಕ್ಕೆ ಹೋದೆ, ಇವತ್ತೇ ಬದಲಾಯಿಸಿ ಬಿಡೋಣವೆಂದು. ಬೋರ್ಡಿನ ಕಾಲಿಗೆ ಒಂದು ಏಟು ಹಾಕಿದ್ದೆ. ದೊಡ್ಡಕ್ಕ ಹೊಲಕ್ಕೆ ಅಂಟಿದ ಹಿತ್ತಲಲ್ಲಿ ನಿಂತು ನೋಡುತ್ತಿದ್ದರು. ಜುಲೈನಲ್ಲಿ ನೋಡಿದ್ದರಲ್ಲ, ಬೋರ್ಡನ್ನೊಮ್ಮೆ, ನನ್ನನ್ನೊಮ್ಮೆ, ಅದೇ ನೋಟ.

ಸೊರಗಿದ ಪೈರಿನ ಮುಂದಿನಿಂದ ಕಿತ್ತು ತುಂಬಿದ ಪೈರಿನ ಮುಂದೆ ಬೋರ್ಡು ನೆಡುತ್ತಿದ್ದೇನೆ. ಜೋಳದವರು ಮಾಡಿದ್ದೂ ಇದೇ ತಾನೇ! ನಿಜ ಹೇಳಲು ಹೋಗಿ ಥೇಟ್ ಸುಳ್ಳಿನ ಹಾಗೇ ಕಾಣುತ್ತಿದ್ದೇನೆ. ಐದು ತಿಂಗಳಿಂದ ಓದಿದ ಏಳು ಜನ ನಾಳೆ ಬಂದು ಇದನ್ನು ನಂಬುತ್ತಾರಾ? ನಾನಾಗಿದ್ದರೆ ನಂಬುತ್ತಿರಲಿಲ್ಲ.

ಗುದ್ದಲಿಯ ಹಿಂಬದಿಯಿಂದ ಮಣ್ಣು ಗುದ್ದಿ ಬೋರ್ಡನ್ನು ಇದ್ದಲ್ಲೇ ಗಟ್ಟಿ ಮಾಡಿ ಬಂದೆ.

“ನಾಳೆ ನೀವೊಂದು ಮಾತು ಹೇಳ್ತೀರಾ ಅಕ್ಕ?” ಎಂದು ಕೇಳಿದೆ.

“ನಾನಾ? ಅಷ್ಟು ಜನದ ಮುಂದೆ? ನಿಮ್ಮ ತಪ್ಪು, ನೀವೇ ಹೇಳಿ,” ಎಂದರು. ಸರಿಯಾಗೇ ಇದೆ.

ನವೆಂಬರ್ 25

ಅರವತ್ತು ಜನ ಬಂದಿದ್ದರು. ಸಾಹೇಬರು ಕುರ್ಚಿಯಲ್ಲಿ ಕೂತು ಬೋರ್ಡು ನೋಡಿದರು, ನನ್ನತ್ತ ಕಣ್ಣು ಕೆಕ್ಕರಿಸಿದರು. ಇಟ್ಟಿಗೆಯವನು ದಾರಿಯಲ್ಲಿ ಮೋಟಾರ್ ಸೈಕಲ್ಲಿಗೆ ಒರಗಿ ನಿಂತಿದ್ದ, ಮದುವೆ ಮನೆಯ ಊಟದ ಸರದಿಗೆ ಕಾಯುವವನ ಹಾಗೆ.

ಮೈಕು ಕೈಗೆ ಬಂತು. ಬರೆದುಕೊಂಡು ಹೋಗಿದ್ದ ಭಾಷಣ ಬ್ಯಾಗಿನಲ್ಲೇ ಉಳಿಯಿತು.

“ನಾನು ಬೋರ್ಡಮ್ಮ,” ಎಂದೆ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. “ಈ ಬೋರ್ಡ್‌ಗಳನ್ನ ನಾನು ಅದಲುಬದಲಾಗಿ ನೆಟ್ಟಿದೀನಿ. ಬಿತ್ತೋ ದಿನ ನಾನಿಲ್ಲಿ ಇರ್ಲಿಲ್ಲ, ಮಾರನೇ ದಿನ ಬಂದಾಗ ಯಾವ್ದು ಎಲ್ಲಿ ಬಿತ್ತಿದ್ರಿ ಅಂತ ಕೇಳ್ಲೂ ಇಲ್ಲ. ನೀವು ಆಗಸ್ಟ್‌ನಲ್ಲಿ ಮುಟ್ಟಿ ನೋಡಿದ್ರಲ್ಲ, ನಾನು ಹೊಗಳಿದ್ದೇ ಹೊಗಳಿದ್ದು, ಅದು ನಿಮ್ಮ ಹಳೇ ತೊಗರಿ. ಸೊರಗಿರೋದೂ ಅದೇ. ಹೊಸದು ಕಲ್ಲುಪಟ್ಟೀಲಿದೆ.”

ಡೈರಿ ಸೆಕ್ರೆಟರಿ ಎದ್ದ. “ಹೋಗ್ಲಿ ಬಿಡಿ ಮೇಡಂ! ಸೊರಗಿದ ಮೇಲೆ ಅದು ನಂದಲ್ಲ, ಇದು ನಂದು ಅಂದ್ರೆ? ಎಷ್ಟು ಜನರನ್ನ ನೋಡಿಲ್ಲ ನಾವು.”

“ನಂಬಬೇಡಿ. ಕಾಯಿ ಬಿಡಿಸಿ,” ಎಂದೆ. “ನಿಮ್ಮ ಹಳೇದರ ಕಾಳು ಯಾವ ಬಣ್ಣ ಅಂತ ನಾನು ಹೇಳ್ಬೇಕಾ?”

ಅವನೇ ಮೊದಲು ನಡೆದ. ಹಳ್ಳದ ಪಟ್ಟಿಯ ಒಣಗಿದ ಗಿಡದಿಂದ ಒಂದು ಕಾಯಿ ಬಿಡಿಸಿದ. ಸುಕ್ಕುಗಟ್ಟಿದ ಕೆಂಪು ಕಾಳು. ಕಲ್ಲುಪಟ್ಟಿಗೆ ಬಂದು ಒಂದು ಬಿಡಿಸಿದ. ಬಿಳಿ. ಇನ್ನೊಂದು. ಬಿಳಿ. ಅಷ್ಟರಲ್ಲಿ ಅರವತ್ತು ಜನವೂ ಕಲ್ಲುಪಟ್ಟಿಯೊಳಗೆ ಇಳಿದಿದ್ದರು. ಗಿಡ ಕೀಳುತ್ತಾರೆ, ಕಾಂಡ ಸೀಳುತ್ತಾರೆ, ಒಳಗಿನ ಬೆಳ್ಳನೆಯ ತಿರುಳನ್ನು ಒಬ್ಬರಿಗೊಬ್ಬರು ತೋರಿಸುತ್ತಾರೆ. ನನ್ನ ಮಾತು ಯಾರಿಗೂ ಬೇಕಿರಲಿಲ್ಲ.

“ಈ ಕಲ್ಲಲ್ಲಿ ಹೊಸದನ್ನ ಹಾಕು ಅಂತ ಯಾರು ಹೇಳಿದ್ದು?” ಎಂದು ಸೆಕ್ರೆಟರಿ ಕೂಗಿದ.

“ನಾನು,” ಎಂದು ಹಿಂದಿನಿಂದ ಧ್ವನಿ ಬಂತು. ದೊಡ್ಡಕ್ಕ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಬಂದರು. “ಬಿತ್ತಿದವಳು ನಾನು. ಹೋದ್ವರ್ಷ ಇಲ್ಲಿ ಏನು ಉಳಿದಿತ್ತು ಅಂತ ನಿಂಗೇ ಗೊತ್ತಲ್ಲಪ್ಪ. ಈಯಮ್ಮ ಸುಳ್ಳು ಹೇಳ್ತಾರೆ ಅಂತ ನಾಲ್ಕು ತಿಂಗಳು ನಾನೂ ಅಂದ್ಕೊಂಡಿದ್ದೆ. ಸುಳ್ಳಲ್ಲ, ಪಾಪ, ಏನೂ ಗೊತ್ತಿರ್ಲಿಲ್ಲ ಅಷ್ಟೇ.”

ಅರವತ್ತು ಜನ ಒಟ್ಟಿಗೆ ನಕ್ಕರೆ ಎಷ್ಟು ಸದ್ದಾಗುತ್ತದೆ ಎಂದು ಇವತ್ತು ಗೊತ್ತಾಯಿತು. ನಾನೂ ನಕ್ಕೆ. ಸಾಹೇಬರು ನಗಲಿಲ್ಲ, ಸೋಮವಾರ ಬಂದು ಕಾಣಬೇಕಂತೆ. ಕಾಣೋಣ.

ಇಟ್ಟಿಗೆಯವನು ಯಾವಾಗ ಹೋದನೋ ಯಾರೂ ನೋಡಲಿಲ್ಲ.

ಡಿಸೆಂಬರ್ 16

ಒಕ್ಕಣೆ ಮುಗಿಯಿತು. ಹಳ್ಳದ ಪಟ್ಟಿಯದು ಒಂದೂವರೆ ಮೂಟೆ, ಕಲ್ಲುಪಟ್ಟಿಯದು ನಾಲ್ಕು. ಬೀಜ ಬೇಕಾದವರ ಹೆಸರು ಬರೆದುಕೊಳ್ಳಲು ಆಫೀಸಿನ ಫಾರಂ ಹಿಡಿದು ಹೋದೆ. ಯಾರೂ ಬರಲಿಲ್ಲ. ಒಂದು ಗಂಟೆ ಕಾದು ದೊಡ್ಡಕ್ಕನ ಮನೆಗೆ ಹೋದರೆ, ಏಳೂ ಜನ ಅವರ ಜಗಲಿಯಲ್ಲಿ ಚೀಲ ಹಿಡಿದು ಕೂತಿದ್ದಾರೆ. ಹಳೇ ಕಾಳು ಕೊಟ್ಟು ಹೊಸದು ಒಯ್ಯುತ್ತಿದ್ದಾರೆ. ದೊಡ್ಡಕ್ಕ ಅಳೆದು ಕೊಡುತ್ತಾ ಪ್ರತಿಯೊಬ್ಬರಿಗೂ, “ಎಲ್ಲಿ ರೋಗ ಜಾಸ್ತೀನೋ ಅಲ್ಲಿ ಹಾಕು,” ಎನ್ನುತ್ತಿದ್ದರು.

ಫಾರಂ ಖಾಲಿ. ಸಾಹೇಬರು ಕೇಳಿದರೆ ಖಾಲಿ ಎಂದೇ ಹೇಳುತ್ತೇನೆ. ನನಗೆ ಕೂರಲು ಜಾಗ ಇರಲಿಲ್ಲ, ಬಾಗಿಲಲ್ಲಿ ನಿಂತೇ ಟೀ ಕುಡಿದೆ. ಇಷ್ಟು ರುಚಿಯಾದ ಟೀ ಆ ಮನೆಯಲ್ಲಿ ಮೊದಲ ಸಲ ಕುಡಿದ ಹಾಗಿತ್ತು.

ಹೊರಗೆ ಬಂದಾಗ ಮೈದುನ ಸುಣ್ಣ ಬಳಿದ ಗೂಟಗಳನ್ನು ಕಿತ್ತು ಒಂದು ಮೂಲೆಗೆ ರಾಶಿ ಹಾಕುತ್ತಿದ್ದ. “ಗಟ್ಟಿ ಮರ ಮೇಡಂ. ಏನಕ್ಕಾದ್ರೂ ಬರುತ್ತೆ,” ಎಂದ.

ಜೂನ್ 17

ಬೆಳಗ್ಗೆ ಆರಕ್ಕೇ ದೊಡ್ಡಕ್ಕನ ಫೋನು. “ಹದ ಬಂತು. ಬರ್ತೀಯಾ ತಂಗಿ?”

ಹತ್ತು ಗಂಟೆಗೆ ಸಾಹೇಬರ ಪ್ರಗತಿ ಪರಿಶೀಲನಾ ಸಭೆ ಇತ್ತು. ‘ಹೊಲದಲ್ಲಿದ್ದೇನೆ’ ಎಂದು ಮೆಸೇಜ್ ಹಾಕಿ ಸ್ಕೂಟರ್ ಹತ್ತಿದೆ. ಸಂಶೋಧನಾ ಕೇಂದ್ರದವರು ಇನ್ನೊಂದು ಹೊಸ ತಳಿ ಕಳುಹಿಸಿದ್ದಾರೆ, ನೂರಿಪ್ಪತ್ತೊಂದು. ಕಾಗದದಲ್ಲಿ ಅದರ ಗುಣಗಾನ ಒಂದು ಪುಟ ಇದೆ. ನಾನಿನ್ನೂ ಏನೂ ಹೇಳಿಲ್ಲ.

ಹಳ್ಳದುದ್ದಕ್ಕೂ ಎಂಟು ಹೊಲದಲ್ಲೂ ಕೂರಿಗೆ ಓಡಾಡುತ್ತಿತ್ತು. ದೊಡ್ಡಕ್ಕನ ಹಳ್ಳದ ಪಟ್ಟಿಗೆ ಈ ಸಲ ನೂರಹದಿನಾಲ್ಕು. ಕಲ್ಲುಪಟ್ಟಿಯನ್ನು ಉತ್ತು ಖಾಲಿ ಬಿಟ್ಟಿದ್ದರು.

“ನೀನು ಏನಾದ್ರೂ ಹೊಸದು ತರ್ತೀಯಾ ಅಂತ ಇಟ್ಟಿದೀನಿ,” ಎಂದರು.

ಬೀಜದ ಚೀಲ ಅವರ ಕೈಗಿತ್ತೆ. ಸೀರೆ ಎತ್ತಿ ಕಟ್ಟಿ ಕೂರಿಗೆಯ ಹಿಂದೆ ಕೊನೆಯ ಸಾಲಿನವರೆಗೂ ನಡೆದೆ. ಬಿತ್ತನೆ ಮುಗಿದ ಮೇಲೆ ಮೈದುನ ಬೋರ್ಡು ತಂದ. ಇಟ್ಟಿಗೆಯವನ ಗೂಟಗಳನ್ನೇ ಕಾಲಾಗಿ ಹೊಡೆದಿದ್ದ, ಸುಣ್ಣ ಇನ್ನೂ ಹಾಗೇ ಇತ್ತು.

ಬಿತ್ತಿದ್ದನ್ನು ಕಣ್ಣಾರೆ ಕಂಡಿದ್ದೆ. ಆದರೂ ಗುದ್ದಲಿ ಎತ್ತುವ ಮೊದಲು ಕೇಳಿದೆ: “ಅಕ್ಕ, ಯಾವ ಕಡೆ ನೆಡ್ಲಿ?”